ಮಾತಂಗ ಪರ್ವತದ ಸೂರ್ಯೋದಯ ಮತ್ತು ಸಹಜವಾಗಿ ಕಾಣುವ ಎಚ್‌ಡಿಆರ್

ಪ್ರಶ್ನೆ: ಕಳೆದ ಡಿಸೆಂಬರಿನಲ್ಲಿ ಹಂಪಿಯ ಮಾತಂಗ ಪರ್ವತದ ತುದಿಯಿಂದ ಸೂರ್ಯೋದಯದ ಚಿತ್ರ ತೆಗೆದೆ. ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ನಿಲ್ಲಿಸಿ, ಎರಡೆರಡು ಸ್ಟಾಪ್ (ಒಂದೊಂದು ಸ್ಟಾಪ್‌ಗೂ ಬೆಳಕು ಇಮ್ಮಡಿ) ಅಂತರದಲ್ಲಿ ಮೂರು ಎಕ್ಸ್‌ಪೋಶರ್, ಎಂದರೆ ಒಂದೇ ದೃಶ್ಯವನ್ನು ಬೇರೆ ಬೇರೆ ಪ್ರಮಾಣದ ಬೆಳಕಿನಲ್ಲಿ ಮೂರು ಬಾರಿ, ತೆಗೆದು, ಮನೆಗೆ ಬಂದು ಅವನ್ನು ಒಂದೇ ಚಿತ್ರವಾಗಿಸುವ ಎಚ್‌ಡಿಆರ್ (ಹೈ ಡೈನಮಿಕ್ ರೇಂಜ್) ಸಾಫ್ಟ್‌ವೇರಿನಲ್ಲಿ ಸೇರಿಸಿದೆ. ಬಂಡೆಗಳ ಸುತ್ತ ಬಿಳಿಯ ಅಂಚು ಬಂದಿದೆ, ಆಕಾಶ ಬೂದಿಬಣ್ಣಕ್ಕೆ ತಿರುಗಿದೆ, ಕೆಳಗಿನ ಬಾಳೆತೋಟ ಒಳಗೆ ದೀಪ ಹಚ್ಚಿಟ್ಟಂತೆ ಹೊಳೆಯುತ್ತಿದೆ. ನೋಡಿದವರು ‘ಇದು ಫೋಟೊವೋ, ಪೇಂಟಿಂಗೋ’ ಎಂದು ಕೇಳುತ್ತಿದ್ದಾರೆ. ಒಂದೇ ಎಕ್ಸ್‌ಪೋಶರಿನಲ್ಲಿ ತೆಗೆದರೆ ಬಂಡೆ ಕಪ್ಪಾಗುತ್ತದೆ, ಇಲ್ಲವೇ ಆಕಾಶ ಬೆಳ್ಳಗಾಗುತ್ತದೆ. ಆದರೆ ಅಂದು ನನ್ನ ಕಣ್ಣಿಗೆ ಎರಡೂ ಕಂಡಿದ್ದವು. ಕಣ್ಣಿಗೆ ಕಂಡಂತೆಯೇ ಚಿತ್ರದಲ್ಲಿ ಬರಲು ಏನು ಮಾಡಬೇಕು? ಇದನ್ನು 24 ಇಂಚಿನ ಪ್ರಿಂಟ್ ಹಾಕಿಸಿ ಮನೆಯಲ್ಲಿ ತೂಗುಹಾಕುವ ಆಸೆಯಿದೆ.

ಉತ್ತರ: ನೀವು ಹೇಳಿರುವ ಮೂರು ದೋಷಗಳಿಗೂ ಮೂಲ ಒಂದೇ. ಆ ಮೂಲವು ಬೆಟ್ಟದ ಮೇಲೆ ನೀವು ಮಾಡಿದ ಕೆಲಸದಲ್ಲಿ ಇಲ್ಲ. ಅಲ್ಲಿ ನೀವು ಮಾಡಿದ್ದು ಬಹುಮಟ್ಟಿಗೆ ಸರಿಯಾಗಿಯೇ ಇದೆ. ತಪ್ಪಿರುವುದು ಮೂರು ಫೈಲುಗಳು ಒಂದಾದ ಮೇಲಿನ ಹಂತದಲ್ಲಿ. ಆದ್ದರಿಂದ ಆ ಫೈಲುಗಳನ್ನು ದಯವಿಟ್ಟು ಅಳಿಸಬೇಡಿ. ಅವುಗಳಿಂದಲೇ ನಿಮಗೆ ಬೇಕಾದ ಚಿತ್ರ ಬರುತ್ತದೆ ಎಂಬ ಭರವಸೆ ನನಗಿದೆ.

ಮೊದಲು, ಕಣ್ಣಿಗೆ ಎರಡೂ ಕಂಡಿದ್ದವು ಎಂಬ ನಿಮ್ಮ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ, ಏಕೆಂದರೆ ಇಡೀ ವಿಷಯ ನಿಂತಿರುವುದು ಅದರ ಮೇಲೆಯೇ. ನಮ್ಮ ಕಣ್ಣಿನ ಪಾಪೆ ಸುಮಾರು 2 ಮಿಲಿಮೀಟರಿನಿಂದ 8 ಮಿಲಿಮೀಟರಿನವರೆಗೆ ಹಿಗ್ಗಬಲ್ಲದು; ಎಂದರೆ ಒಳಬರುವ ಬೆಳಕನ್ನು ಹೆಚ್ಚೆಂದರೆ 16 ಪಟ್ಟು, ನಮ್ಮ ಭಾಷೆಯಲ್ಲಿ 4 ಸ್ಟಾಪ್‌ನಷ್ಟು, ಹೊಂದಿಸಿಕೊಳ್ಳಬಲ್ಲದು. ಉಳಿದ ಹೊಂದಾಣಿಕೆಯನ್ನೆಲ್ಲ ಅಕ್ಷಿಪಟಲ ಮತ್ತು ಮಿದುಳು ಮಾಡಿಕೊಳ್ಳುತ್ತವೆ. ನೀವು ಸೂರ್ಯನ ಕಡೆಗೆ ನೋಡಿದಾಗ ಕಣ್ಣು ಆ ಬೆಳಕಿಗೆ ಒಗ್ಗಿಕೊಂಡಿತು, ಕಾಲಬಳಿಯ ಬಂಡೆಯನ್ನು ನೋಡಿದಾಗ ಆ ನೆರಳಿಗೆ ಒಗ್ಗಿಕೊಂಡಿತು, ಮತ್ತು ಮಿದುಳು ಈ ಎರಡು ನೋಟಗಳನ್ನೂ ಹೊಲಿದು ಒಂದು ದೃಶ್ಯವನ್ನಾಗಿ ನಿಮ್ಮ ನೆನಪಿಗೆ ಕೊಟ್ಟಿತು. ಆದ್ದರಿಂದ ಎರಡೂ ಕಂಡದ್ದು ನಿಜ, ಆದರೆ ಎರಡೂ ಒಂದೇ ಕ್ಷಣದಲ್ಲಿ ಕಾಣಲಿಲ್ಲ. ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಬಂಡೆಯ ಮೈಮೇಲಿನ ಬಿರುಕು, ಕಲ್ಲುಹೂವಿನ ಕಲೆ ಎಲ್ಲವೂ ನಿಮಗೆ ಸ್ಪಷ್ಟವಾಗಿ ಕಂಡಾಗಲೂ ಅದು ನೆರಳಿನಲ್ಲಿದೆ ಎಂಬ ಅರಿವು ನಿಮಗೆ ಒಂದು ಕ್ಷಣವೂ ತಪ್ಪಿರಲಿಲ್ಲ. ವಿವರ ಕಂಡಿತು, ಆದರೆ ನೆರಳಿನೊಳಗಿನ ವಿವರವಾಗಿ ಕಂಡಿತು. ನಿಮ್ಮ ಈಗಿನ ಚಿತ್ರದಲ್ಲಿ ಕಳೆದುಹೋಗಿರುವುದು ಈ ಅರಿವು.

ನಾನು ಹೇಳಬೇಕಾದ ಮುಖ್ಯ ಮಾತೂ ಇದೇ. ಎಚ್‌ಡಿಆರ್ ಎಂದರೆ ಬೆಳಕಿನ ಅಂತರವನ್ನು ಕುಗ್ಗಿಸುವುದು, ಬೆಳಕಿನ ಕ್ರಮವನ್ನು ಬದಲಿಸುವುದಲ್ಲ. ದೃಶ್ಯದಲ್ಲಿ ಯಾವುದು ಯಾವುದಕ್ಕಿಂತ ಹೆಚ್ಚು ಬೆಳಗಿತ್ತೋ ಚಿತ್ರದಲ್ಲಿಯೂ ಅದೇ ಹೆಚ್ಚು ಬೆಳಗಿರಬೇಕು. ಅಂತರ ಎಂಟು ಪಟ್ಟು ಇದ್ದದ್ದು ಎರಡು ಪಟ್ಟಿಗೆ ಇಳಿಯಬಹುದು, ಆದರೆ ಮೇಲಿದ್ದದ್ದು ಕೆಳಗೆ ಬರಬಾರದು. ಸೂರ್ಯನ ಸುತ್ತಲಿನ ಆಕಾಶ, ಬಿಸಿಲು ತಾಗಿದ ಬಂಡೆಯ ಅಂಚು, ದೂರದ ಮಂಜು, ಆಕಾಶದ ಮೇಲ್ಭಾಗ, ಬಾಳೆತೋಟ, ಬಂಡೆಯ ನೆರಳಿನ ಬದಿ, ಬಂಡೆಗಳ ನಡುವಿನ ಸಂದು – ಹೀಗೊಂದು ಇಳಿಕೆಯ ಸಾಲು ಆ ಬೆಳಿಗ್ಗೆ ಅಲ್ಲಿತ್ತು. ನೋಡುವವನಿಗೆ ಈ ಸಾಲನ್ನು ಹೆಸರಿಸಲು ಬಾರದಿದ್ದರೂ ಅದು ಏರುಪೇರಾದರೆ ಅವನ ಕಣ್ಣು ತಕ್ಷಣ ಗುರುತಿಸುತ್ತದೆ. ಹುಟ್ಟಿದಂದಿನಿಂದ ಅವನು ನೋಡಿದ ಪ್ರತಿಯೊಂದು ಬೆಳಗೂ ಅದನ್ನು ಕಲಿಸಿದೆ. ‘ಪೇಂಟಿಂಗೋ’ ಎಂದು ನಿಮ್ಮ ಸ್ನೇಹಿತರು ಕೇಳುತ್ತಿರುವುದು ಚಿತ್ರದಲ್ಲಿ ಬಾಳೆತೋಟವು ಆಕಾಶಕ್ಕಿಂತ ಬೆಳಗಾಗಿರುವುದರಿಂದ.

ಅಂತರವನ್ನು ಕುಗ್ಗಿಸಲೇಬೇಕೆ ಎಂದರೆ, ಹೌದು, ಅದು ತಪ್ಪಿದ್ದಲ್ಲ. ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿಯಾಗುವುದು. ಹೀಗೆ 10 ಸ್ಟಾಪ್ ಎಂದರೆ 1,024 ಪಟ್ಟು, 14 ಸ್ಟಾಪ್ ಎಂದರೆ 16,384 ಪಟ್ಟು. ಇಂದಿನ ಒಳ್ಳೆಯ ಫುಲ್‌ಫ್ರೇಮ್ ಸೆನ್ಸರ್ ತನ್ನ ಅತಿ ಕಡಿಮೆ ಐಎಸ್‌ಒದಲ್ಲಿ (ಬೆಳಕಿಗೆ ಸ್ಪಂದಿಸುವ ಮಟ್ಟದಲ್ಲಿ) ಸುಮಾರು 14 ಸ್ಟಾಪ್ ಹಿಡಿಯುತ್ತದೆ. ಸೂರ್ಯನೇ ಚೌಕಟ್ಟಿನೊಳಗಿದ್ದಾಗ ದೃಶ್ಯದ ವ್ಯಾಪ್ತಿ ಅದನ್ನು ಸುಲಭವಾಗಿ ಮೀರುತ್ತದೆ. ಇನ್ನು ನೋಡುವ ಕಡೆಗೆ ಬಂದರೆ, 1,000ಕ್ಕೆ 1 ಕಾಂಟ್ರಾಸ್ಟ್ ಇರುವ ಸಾಮಾನ್ಯ ಮಾನಿಟರ್ ತೋರಿಸುವುದು ಸುಮಾರು 10 ಸ್ಟಾಪ್; ಹೊಳಪು ಕಾಗದದ ಮೇಲಿನ ಪ್ರಿಂಟಿನಲ್ಲಿ ಉಳಿಯುವುದು ಸುಮಾರು 7; ಮ್ಯಾಟ್ ಕಾಗದದಲ್ಲಿ ಅದಕ್ಕಿಂತಲೂ ಕಡಿಮೆ. ಕೊಡದ ನೀರನ್ನು ತಂಬಿಗೆಗೆ ತುಂಬುವ ಕೆಲಸ ಇದು. ಏನೋ ಒಂದಿಷ್ಟು ಚೆಲ್ಲಲೇಬೇಕು. ಯಾವುದನ್ನು ಚೆಲ್ಲಬೇಕು ಎಂಬ ತೀರ್ಮಾನವನ್ನು ನೀವು ಸಾಫ್ಟ್‌ವೇರಿಗೆ ಬಿಟ್ಟಿರಿ. ಅದು ಯಾವುದನ್ನೂ ಚೆಲ್ಲಲು ಒಪ್ಪದೆ, ಎಲ್ಲವನ್ನೂ ನಡುಮಟ್ಟದ ಬೂದಿಗೆ ಎಳೆದು ತಂದಿತು.

ಈ ಕಷ್ಟ ಡಿಜಿಟಲ್ ಕಾಲದ್ದಲ್ಲ. 1850ರ ದಶಕದಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಸಮುದ್ರದ ಚಿತ್ರಗಳನ್ನು ತೆಗೆಯುತ್ತಿದ್ದಾಗ ಅವನ ಕೊಲೋಡಿಯನ್ ಗಾಜಿನ ಫಲಕಗಳು ನೀಲಿ ಬೆಳಕಿಗೆ ವಿಪರೀತ ಸ್ಪಂದಿಸುತ್ತಿದ್ದವು. ನೀರಿಗೆ ಸರಿಹೋಗುವಷ್ಟು ಬೆಳಕು ಕೊಟ್ಟರೆ ಆಕಾಶ ಬರಿದಾಗುತ್ತಿತ್ತು. ಅದಕ್ಕಾಗಿ ಅವನು ಕೆಲವು ಚಿತ್ರಗಳಿಗೆ ಸಮುದ್ರಕ್ಕೊಂದು, ಆಕಾಶಕ್ಕೊಂದು ಎಂದು ಎರಡು ನೆಗೆಟಿವ್‌ಗಳನ್ನು ಬಳಸಿ, ದಿಗಂತದ ಗೆರೆಯಲ್ಲಿ ಅವುಗಳನ್ನು ಕೂಡಿಸಿ ಒಂದೇ ಕಾಗದದ ಮೇಲೆ ಮುದ್ರಿಸಿದ. ಕೂಡಿಸಿದ ಆಕಾಶವೂ ಅವನಲ್ಲಿ ಆಕಾಶದಷ್ಟೇ ಬೆಳಕಾಗಿರುತ್ತದೆ, ಸಮುದ್ರ ಅದಕ್ಕಿಂತ ಗಾಢವಾಗಿಯೇ ಉಳಿಯುತ್ತದೆ. ನಾವು ಈಗ ಬಳಸುವ ಲೆಕ್ಕಾಚಾರ ಪ್ರಸಿದ್ಧವಾದದ್ದು 1997ರಲ್ಲಿ ಪಾಲ್ ಡೆಬೆವೆಕ್ ಮತ್ತು ಐಐಟಿ ಕಾನ್ಪುರದಲ್ಲಿ ಓದಿದ ಜಿತೇಂದ್ರ ಮಲಿಕ್ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಿಂದ ಪ್ರಕಟಿಸಿದ ಸಂಶೋಧನೆಯಿಂದ. ಬೇರೆ ಬೇರೆ ಎಕ್ಸ್‌ಪೋಶರಿನ ಸಾಮಾನ್ಯ ಫೋಟೊಗಳಿಂದ ದೃಶ್ಯದ ಪ್ರತಿ ಬಿಂದುವಿನಲ್ಲಿ ನಿಜವಾಗಿ ಎಷ್ಟು ಬೆಳಕಿತ್ತು ಎಂಬ ನಕ್ಷೆಯನ್ನು ಕಟ್ಟುವ ವಿಧಾನವದು. ಆ ನಕ್ಷೆ ಒಂದು ಅಳತೆ ಮಾತ್ರ. ಅದರಲ್ಲಿ ಹೇಲೋ, ಎಂದರೆ ಬಂಡೆಯ ಸುತ್ತಲಿನ ಆ ಬಿಳಿಯ ಅಂಚು, ಇರುವುದಿಲ್ಲ, ಹೊಳೆಯುವ ಬಾಳೆತೋಟ ಇರುವುದಿಲ್ಲ.

ಇಲ್ಲಿ ಒಂದು ವ್ಯತ್ಯಾಸವನ್ನು ಗಟ್ಟಿಯಾಗಿ ನೆನಪಿಡಬೇಕು. ಮೂರು ಫೈಲುಗಳನ್ನು ಸೇರಿಸುವುದು ಒಂದು ಕೆಲಸ. ಸೇರಿಸಿ ಬಂದ ವಿಶಾಲ ವ್ಯಾಪ್ತಿಯನ್ನು ಪರದೆಗೋ ಕಾಗದಕ್ಕೋ ಒಗ್ಗಿಸುವ ಟೋನ್ ಮ್ಯಾಪಿಂಗ್ ಇನ್ನೊಂದು ಕೆಲಸ. ಮೊದಲನೆಯದು ನಿರಪಾಯಕಾರಿ, ಚಿತ್ರದ ಕಳೆ ಕೆಡುವುದು ಎರಡನೆಯದರಲ್ಲಿ. ನಿಮ್ಮ ಸಾಫ್ಟ್‌ವೇರ್ ಎರಡನ್ನೂ ಒಂದೇ ಬಟನ್ನಿನಲ್ಲಿ ಮಾಡಿ ಮುಗಿಸಿದ್ದರಿಂದ ಎಚ್‌ಡಿಆರ್ ಎಂದರೇ ಹೀಗೆ ಎಂದು ನಿಮಗೆ ಅನ್ನಿಸಿದೆ.

ಟೋನ್ ಮ್ಯಾಪಿಂಗ್‌ನಲ್ಲಿ ಎರಡು ಬಗೆಗಳಿವೆ. ಇಡೀ ಚಿತ್ರಕ್ಕೆ ಒಂದೇ ಕರ್ವ್, ಎಂದರೆ ಯಾವ ಬೆಳಕು ಎಷ್ಟಕ್ಕೆ ಬದಲಾಗಬೇಕೆಂಬ ಒಂದೇ ನಿಯಮ, ಹಾಕುವುದು ಒಂದು ಬಗೆ. ಇದರಲ್ಲಿ ಬೆಳಕಿನ ಕ್ರಮ ಎಂದೂ ತಪ್ಪುವುದಿಲ್ಲ, ಆದರೆ ಹೆಚ್ಚು ಕುಗ್ಗಿಸಿದರೆ ಚಿತ್ರ ಸಪ್ಪೆಯಾಗುತ್ತದೆ. ಪ್ರತಿಯೊಂದು ಬಿಂದುವನ್ನೂ ಅದರ ನೆರೆಹೊರೆಯೊಂದಿಗೆ ಹೋಲಿಸಿ ಬೇರೆ ಬೇರೆಯಾಗಿ ಬದಲಿಸುವುದು ಇನ್ನೊಂದು ಬಗೆ. ವಿವರಗಳು ಎದ್ದು ಬರುವುದು ಈ ಎರಡನೆಯ ಬಗೆಯಿಂದಲೇ, ಕ್ರಮ ತಪ್ಪುವುದೂ ಇದರಿಂದಲೇ. ನಿಮ್ಮ ಚಿತ್ರವನ್ನು 100 ಪ್ರತಿಶತಕ್ಕೆ ಹಿಗ್ಗಿಸಿ ಬಂಡೆಯ ಅಂಚನ್ನು ನೋಡಿ. ಆಕಾಶದ ಬದಿಯಲ್ಲಿ, ಅಂಚಿಗೆ ತಾಗಿದಂತೆ, ಒಂದು ಬೆಳ್ಳನೆಯ ಪಟ್ಟಿ ಇದ್ದು ಹೊರಹೊರಗೆ ಹೋದಂತೆ ಕರಗುತ್ತದೆ. ಬಂಡೆಯ ಬದಿಯಲ್ಲಿ, ಅದೇ ಅಂಚಿನ ಒಳಗೆ, ಸುತ್ತಲಿಗಿಂತ ಕಪ್ಪಾದ ಪಟ್ಟಿಯೊಂದು ಇರುತ್ತದೆ. ಆ ಬಿಳಿಯ ಪಟ್ಟಿ ಬರುವ ಕಾರಣ ಹೀಗಿದೆ: ಅಂಚಿನ ಸಮೀಪದ ಆಕಾಶದ ಬಿಂದುವಿಗೆ ಸಾಫ್ಟ್‌ವೇರ್ ಸುತ್ತಲಿನ ಸರಾಸರಿ ತೆಗೆದಾಗ ಆ ಸುತ್ತಳತೆಯೊಳಗೆ ಕಪ್ಪು ಬಂಡೆಯೂ ಸೇರಿಬಿಡುತ್ತದೆ. ಸರಾಸರಿ ಇಳಿಯುತ್ತದೆ, ‘ಇದು ಕತ್ತಲೆಯ ಜಾಗ’ ಎಂದು ತಿಳಿದು ಸಾಫ್ಟ್‌ವೇರ್ ಆ ಬಿಂದುವನ್ನು ಮೇಲೆತ್ತುತ್ತದೆ. ಅಂಚಿನಿಂದ ದೂರದ ಆಕಾಶಕ್ಕೆ ಈ ಗೊಂದಲ ಇಲ್ಲ, ಅದನ್ನು ಅದು ನೇರವಾಗಿ ಕೆಳಗಿಳಿಸುತ್ತದೆ. ಹೀಗೆ ಒಂದೇ ಆಕಾಶದ ಎರಡು ತುಂಡುಗಳು ಎರಡು ಬೆಳಕಿನವಾಗುತ್ತವೆ. ಅಂಚುಗಳನ್ನು ಗುರುತಿಸಿ, ಅವುಗಳಾಚೆಗಿನ ಬಿಂದುಗಳನ್ನು ಸರಾಸರಿಗೆ ಸೇರಿಸದ ಲೆಕ್ಕಾಚಾರಗಳು 2002ರ ಸುಮಾರಿಗೇ ಬಂದಿವೆ ಮತ್ತು ಇಂದಿನ ಸಾಫ್ಟ್‌ವೇರ್‌ಗಳು ಹಿಂದಿನವುಗಳಿಗಿಂತ ಎಷ್ಟೋ ಮೇಲು. ಆದರೂ ಸ್ಲೈಡರನ್ನು ತುದಿಗೆ ಎಳೆದರೆ ಯಾವ ಲೆಕ್ಕಾಚಾರವೂ ತಡೆಯದು.

ಈಗ ನಿಮ್ಮ ಮೂರು ಫೈಲುಗಳಿಗೆ ಬರೋಣ. ನನ್ನ ಮೊದಲ ಸಲಹೆ ನಿಮಗೆ ವಿಚಿತ್ರವಾಗಿ ಕಾಣಬಹುದು: ಮೂರನ್ನೂ ಬದಿಗಿಟ್ಟು, ಅವುಗಳಲ್ಲಿ ಅತಿ ಕಡಿಮೆ ಬೆಳಕಿನ ಫೈಲನ್ನು ಮಾತ್ರ ತೆರೆಯಿರಿ. ಅದು ರಾ ಫೈಲ್ (ಸೆನ್ಸರ್ ಹಿಡಿದ ಮಾಹಿತಿಯನ್ನು ಸಂಸ್ಕರಿಸದೆ ಉಳಿಸಿದ ಫೈಲ್) ಆಗಿದ್ದರೆ ಎಕ್ಸ್‌ಪೋಶರನ್ನು 2 ಸ್ಟಾಪ್ ಏರಿಸಿ, ಹೈಲೈಟ್ ಇಳಿಸಿ, ಶ್ಯಾಡೋ ಏರಿಸಿ ನೋಡಿ. ಬಂಡೆಯ ನೆರಳಿನಲ್ಲಿ ಬಣ್ಣಬಣ್ಣದ ಚುಕ್ಕೆಗಳು ಅಥವಾ ಪಟ್ಟೆಗಳು ಏಳದಿದ್ದರೆ ನಿಮಗೆ ಎಚ್‌ಡಿಆರ್‌ನ ಅಗತ್ಯವೇ ಇರಲಿಲ್ಲ. ಎಚ್‌ಡಿಆರ್ ಎಂದು ನನ್ನ ಬಳಿಗೆ ಬರುವ ಚಿತ್ರಗಳಲ್ಲಿ ಬಹಳಷ್ಟು ಒಂದೇ ರಾ ಫೈಲಿನಲ್ಲಿ ಮುಗಿಯಬಹುದಾಗಿದ್ದವು ಎಂಬುದು ನನ್ನ ಅನುಭವ. ಒಂದೇ ಫೈಲಿನಲ್ಲಿ ಎಲೆ ಅಲುಗಿದ ಗುರುತಿಲ್ಲ, ಜೋಡಣೆಯ ತೊಂದರೆಯಿಲ್ಲ. ಅದು ಸಾಲದಾದಾಗ ಮಾತ್ರ ಮುಂದಿನ ಹೆಜ್ಜೆ ಇಡಿ.

ಸೂರ್ಯ ಚೌಕಟ್ಟಿನಲ್ಲೇ ಇದ್ದಾನೆ ಎಂದು ನಿಮ್ಮ ವಿವರಣೆಯಿಂದ ತಿಳಿಯುವುದರಿಂದ ಬಹುಶಃ ಸಾಲದು. ಹಾಗಿದ್ದರೆ ಲೈಟ್‌ರೂಮ್‌ನಂಥ ಸಾಫ್ಟ್‌ವೇರಿನಲ್ಲಿ ಮೂರನ್ನೂ ಸೇರಿಸಿ. ಸೇರಿಸುವ ಕಿಟಕಿಯಲ್ಲಿ ‘ಆಟೋ ಸೆಟಿಂಗ್ಸ್’ ಎಂಬಲ್ಲಿರುವ ಗುರುತನ್ನು ತೆಗೆದುಬಿಡಿ, ಆಗ ಅದು ಬರಿಯ ಸೇರಿಸುವ ಕೆಲಸ ಮಾಡುತ್ತದೆ, ಒಗ್ಗಿಸುವ ಕೆಲಸವನ್ನು ನಿಮಗೆ ಬಿಡುತ್ತದೆ. ಬರುವ ಫೈಲ್ ಮೊದಲ ನೋಟಕ್ಕೆ ನಿಮ್ಮ ನಡುವಿನ ಎಕ್ಸ್‌ಪೋಶರಿನಂತೆಯೇ ಕಾಣುತ್ತದೆ, ಏನೂ ಆಗಲಿಲ್ಲ ಎನ್ನಿಸುತ್ತದೆ. ಆಗಿದೆ, ಎಕ್ಸ್‌ಪೋಶರ್ ಸ್ಲೈಡರ್ ಈಗ ಎರಡೂ ಕಡೆಗೆ 5ರ ಬದಲು 10 ಸ್ಟಾಪ್‌ವರೆಗೆ ಹೋಗುವುದನ್ನು ಗಮನಿಸಿದರೆ ಒಳಗೆ ಎಷ್ಟು ಬೆಳಕು ತುಂಬಿದೆ ಎಂಬುದು ತಿಳಿಯುತ್ತದೆ.

ಇಲ್ಲಿಂದ ಮುಂದೆ ಅವಸರ ಮಾಡಬೇಡಿ. ಮೊದಲು ಚಿತ್ರವನ್ನು ಕಪ್ಪು-ಬಿಳುಪಿಗೆ ತಿರುಗಿಸಿಕೊಳ್ಳಿ. ಬಣ್ಣ ಹೋದಾಗ ಬೆಳಕಿನ ಸಾಲು ಕಣ್ಣಿಗೆ ನೇರವಾಗಿ ಕಾಣುತ್ತದೆ, ಮತ್ತು ಬಾಳೆತೋಟ ಆಕಾಶಕ್ಕಿಂತ ಬೆಳಗಾದ ಕ್ಷಣವೇ ಅದು ಗೊತ್ತಾಗುತ್ತದೆ. ಇಡೀ ಚಿತ್ರದ ಎಕ್ಸ್‌ಪೋಶರನ್ನು ನಿಮಗೆ ಅತ್ಯಂತ ಮುಖ್ಯವಾದ ಭಾಗಕ್ಕೆ ಹೊಂದಿಸಿ. ನಾನಾಗಿದ್ದರೆ ಬಿಸಿಲು ಆಗಷ್ಟೇ ತಾಗಿದ ಬಂಡೆಯ ಅಂಚಿಗೆ ಹೊಂದಿಸುತ್ತಿದ್ದೆ, ಏಕೆಂದರೆ ಆ ಬೆಳಗಿನ ಕಥೆ ಇರುವುದು ಅಲ್ಲಿ. ಬಳಿಕ ಹೈಲೈಟನ್ನು ನಿಧಾನವಾಗಿ ಇಳಿಸುತ್ತಾ, ಸೂರ್ಯನ ಸುತ್ತಲಿನ ಹಳದಿ ಬಣ್ಣ ಮರಳಿ ಬರುವಲ್ಲಿ ನಿಲ್ಲಿಸಿ. ಸೂರ್ಯಬಿಂಬ ಬೆಳ್ಳಗೇ ಇರಲಿ. ಕಣ್ಣಿಗೂ ಅದು ಬೆಳ್ಳಗೇ ಇತ್ತು, ಬಿಂಬದೊಳಗೆ ಬಣ್ಣ ತುಂಬಲು ಹೊರಟವರು ಅಂಚಿನಲ್ಲಿ ಬೂದಿಯ ಬಳೆಯೊಂದನ್ನು ತಂದುಕೊಳ್ಳುತ್ತಾರೆ. ನೆರಳನ್ನು ಏರಿಸುವಾಗ ನನ್ನ ಅಳತೆ ಇದು: ಬಂಡೆಯ ಮೈಯ ಒರಟುತನ ತಿಳಿಯಬೇಕು, ಆದರೆ ಎರಡು ಬಂಡೆಗಳ ನಡುವಿನ ಸಂದು ಕಪ್ಪಾಗಿಯೇ ಉಳಿಯಬೇಕು. ಆ ಸಂದಿನಲ್ಲಿ ಏನಿತ್ತೆಂದು ಅಂದು ನಿಮಗೂ ಕಂಡಿರಲಿಲ್ಲ. ಚಿತ್ರದಲ್ಲಿ ಒಂದಾದರೂ ಪೂರ್ಣ ಕಪ್ಪು ಇರದಿದ್ದರೆ ಬಂಡೆಗೆ ತೂಕ ಬರುವುದಿಲ್ಲ, ಅದು ರಟ್ಟಿನ ಬಂಡೆಯಂತೆ ತೇಲುತ್ತದೆ.

ಇಷ್ಟಾದರೂ ಆಕಾಶಕ್ಕೂ ನೆಲಕ್ಕೂ ಹೊಂದಿಕೆ ಸಿಗದಿದ್ದರೆ ಫೋಟೊಶಾಪ್‌ನಲ್ಲಿ ಲೇಯರ್‌ಗಳ ಮೂಲಕ ಕೈಯಾರೆ ಬೆರೆಸುವುದು ನನಗೆ ಎಲ್ಲಕ್ಕಿಂತ ಮೆಚ್ಚಿನ ಹಾದಿ. ನಡುವಿನ ಎಕ್ಸ್‌ಪೋಶರ್ ಕೆಳಗೆ, ಕಡಿಮೆ ಬೆಳಕಿನದು ಅದರ ಮೇಲೆ. ಮೇಲಿನ ಲೇಯರಿಗೆ ಚಿತ್ರದ ಬೆಳಕಿನಿಂದಲೇ ಹುಟ್ಟಿದ ಲ್ಯುಮಿನಾಸಿಟಿ ಮಾಸ್ಕ್ ಹಾಕಿ. ಎಂದರೆ ಕೆಳಗಿನ ಚಿತ್ರ ಎಲ್ಲಿ ಎಷ್ಟು ಬೆಳಗಿದೆಯೋ ಅಲ್ಲಿ ಅಷ್ಟೇ ಪ್ರಮಾಣದಲ್ಲಿ ಮೇಲಿನದು ತೋರಲಿ. ಮಾಸ್ಕ್ ಬೆಳಕಿನಿಂದಲೇ ಬಂದಿರುವುದರಿಂದ ಬಂಡೆಯ ಅಂಚನ್ನು ನೀವು ಕತ್ತರಿಸಬೇಕಾಗಿಲ್ಲ, ಅದು ತಾನಾಗಿ ಅಂಚನ್ನು ಹಿಡಿಯುತ್ತದೆ. ನಂತರ ಆ ಲೇಯರಿನ ಒಪಾಸಿಟಿಯನ್ನು (ಅದು ಎಷ್ಟು ಗಟ್ಟಿಯಾಗಿ ತೋರಬೇಕೆಂಬ ಪ್ರಮಾಣವನ್ನು) ಪೂರ್ತಿ ಬಿಡದೆ 60-70 ಪ್ರತಿಶತಕ್ಕೆ ಇಳಿಸಿ. ಬೆಳಕು ಬರುವ ದಿಕ್ಕಿನ ಆಕಾಶ ಉಳಿದೆಲ್ಲಕ್ಕಿಂತ ಮೇಲೆಯೇ ನಿಲ್ಲಲು ಈ ಕೊರತೆ ಬೇಕು. ಬಂಡೆಯ ಮುಂಭಾಗಕ್ಕೆ ಹೆಚ್ಚು ಬೆಳಕಿನ ಫೈಲಿನಿಂದ ತುಸು ಎತ್ತಿಕೊಳ್ಳಬೇಕೆನಿಸಿದರೆ, ದೊಡ್ಡದಾದ ಮೆತ್ತನೆಯ ಬ್ರಷ್ ಹಿಡಿದು, 10 ಪ್ರತಿಶತದ ಹರಿವಿನಲ್ಲಿ, ಬೆಳಕು ಎಲ್ಲಿ ಬಂಡೆಗೆ ತಾಗಿ ಚೆಲ್ಲಿದೆಯೋ ಅಲ್ಲಿ ಮಾತ್ರ ಎರಡು ಮೂರು ಬಾರಿ ಸವರಿ. ಅಡುಗೆಗೆ ಉಪ್ಪು ಉದುರಿಸುವ ಕೈಯೇ ಇಲ್ಲಿಯೂ ಬೇಕು.

ಟೋನ್ ಮ್ಯಾಪಿಂಗ್ ಬೇಡವೇ ಬೇಡ ಎನ್ನುವವರಿಗೆ ಇನ್ನೊಂದು ದಾರಿಯಿದೆ. 2007ರಲ್ಲಿ ಟಾಮ್ ಮರ್ಟೆನ್ಸ್ ಮತ್ತು ಸಂಗಡಿಗರು ಮುಂದಿಟ್ಟ ಎಕ್ಸ್‌ಪೋಶರ್ ಫ್ಯೂಷನ್ ವಿಧಾನವು ಬೆಳಕಿನ ನಕ್ಷೆಯನ್ನು ಕಟ್ಟುವುದೇ ಇಲ್ಲ; ಪ್ರತಿಯೊಂದು ಫ್ರೇಮಿನಲ್ಲಿ ಕಾಂಟ್ರಾಸ್ಟ್, ಬಣ್ಣ ಮತ್ತು ಎಕ್ಸ್‌ಪೋಶರ್ ಚೆನ್ನಾಗಿರುವ ಭಾಗಗಳಿಗೆ ಹೆಚ್ಚು ಪಾಲು ಕೊಟ್ಟು ನೇರವಾಗಿ ಬೆರೆಸುತ್ತದೆ. ಉಚಿತವಾಗಿ ಸಿಗುವ ಎನ್‌ಫ್ಯೂಸ್ ಎಂಬ ಸಾಫ್ಟ್‌ವೇರ್ ಇದನ್ನೇ ಮಾಡುತ್ತದೆ. ಫಲಿತಾಂಶ ಸೌಮ್ಯವಾಗಿರುತ್ತದೆ, ತುಸು ಮಂಕಾಗಿಯೂ ಇರುತ್ತದೆ. ಮೇಲೆ ಒಂದು ಹದವಾದ ಕರ್ವ್ ಹಾಕಿದರೆ ಸಾಕು.

ಬಣ್ಣದ ವಿಷಯದಲ್ಲಿ ನಿಮ್ಮ ಬಾಳೆತೋಟ ಒಳ್ಳೆಯ ಪಾಠ. ಬೆಳಕು ಕಡಿಮೆಯಾದಂತೆ ನಮ್ಮ ಕಣ್ಣಿಗೆ ಬಣ್ಣಗಳೂ ಮಂದವಾಗುತ್ತವೆ. ನೆರಳಿನಲ್ಲಿದ್ದ ಬಾಳೆ ಎಲೆ ಅಂದು ನಿಮಗೆ ಮಾಸಲು ಹಸಿರಾಗಿ ಕಂಡಿರುತ್ತದೆ. ಸಾಫ್ಟ್‌ವೇರ್ ಅದರ ಬೆಳಕನ್ನು ಎತ್ತಿದಾಗ ಬಣ್ಣವೂ ಜೊತೆಗೆ ಏರಿ, ಮಧ್ಯಾಹ್ನದ ಬಿಸಿಲಿನ ಹಸಿರು ಮುಂಜಾವಿನ ನೆರಳಿನಲ್ಲಿ ಬಂದು ಕುಳಿತಿದೆ. ಎತ್ತಿದ ನೆರಳಿಗೆ ಸ್ಯಾಚುರೇಶನ್ (ಬಣ್ಣದ ಗಾಢತೆ) ಇಳಿಸುವುದು ಆದ್ದರಿಂದ ಕಡ್ಡಾಯ ಎಂದೇ ನಾನು ಭಾವಿಸುತ್ತೇನೆ. ಹಸಿರು ಮತ್ತು ಹಳದಿಯನ್ನು 10-15ರಷ್ಟು ಇಳಿಸಿ ನೋಡಿ. ಜೊತೆಗೆ ನೆರಳಿನ ನೀಲಿಯನ್ನು ಗಮನಿಸಿ. ಬಿಸಿಲು ತಾಗದ ಜಾಗಕ್ಕೆ ಬೆಳಕು ಬರುವುದು ನೀಲಿ ಆಕಾಶದಿಂದ, ಹಾಗಾಗಿ ನೆರಳನ್ನು ಎತ್ತಿದಾಗ ಹಂಪಿಯ ಬೂದು-ಗುಲಾಬಿ ಕಣಶಿಲೆ ನೀಲಿಗಟ್ಟುತ್ತದೆ. ಅದನ್ನು ಅರ್ಧದಷ್ಟು ತೆಗೆಯಿರಿ, ಪೂರ್ತಿ ತೆಗೆಯಬೇಡಿ. ನೆರಳಿನ ತಂಪೂ ಬಿಸಿಲಿನ ಕಾವೂ ಎದುರುಬದುರಾಗಿ ಇದ್ದಾಗಲೇ ಬೆಳಗಿನ ಹೊತ್ತು ಎಂಬುದು ತಿಳಿಯುವುದು. ವಿವರ ಎದ್ದು ಕಾಣಿಸುವ ಕ್ಲಾರಿಟಿ ಮತ್ತು ಮಂಜನ್ನು ಕಳೆಯುವ ಡಿಹೇಜ಼್ ಸ್ಲೈಡರುಗಳನ್ನು ಇಡೀ ಚಿತ್ರಕ್ಕೆ ಹಾಕುವ ಅಭ್ಯಾಸವಿದ್ದರೆ ಬಿಟ್ಟುಬಿಡಿ. ದೂರದ ಗುಡ್ಡಗಳು ಮಂಜಿನಲ್ಲಿ ತಿಳಿಯಾಗಿ, ನೀಲಿಯಾಗಿ, ಕಾಂಟ್ರಾಸ್ಟ್ ಇಲ್ಲದೆ ಕಾಣುವುದರಿಂದಲೇ ಅವು ದೂರ ಎಂದು ತಿಳಿಯುತ್ತದೆ. ಮಂಜನ್ನು ಒರೆಸಿದರೆ ಮಾತಂಗದ ಎತ್ತರವೇ ಚಿತ್ರದಿಂದ ಹೋಗುತ್ತದೆ.

ನೀರಿನ ಬಗ್ಗೆಯೂ ಒಂದು ಮಾತು ಹೇಳಬೇಕು, ಮುಂದಿನ ಬಾರಿ ನೀವು ಆನೆಗೊಂದಿ ಬದಿಯ ಸಾಣಾಪುರ ಕೆರೆಗೆ ಹೋದರೆ ಇದು ಬೇಕಾಗುತ್ತದೆ. ನೇರ ಮೇಲಿನಿಂದ ಬಿದ್ದ ಬೆಳಕಿನಲ್ಲಿ ನೀರು ಹಿಂದಿರುಗಿಸುವುದು ಸುಮಾರು 2 ಪ್ರತಿಶತ ಮಾತ್ರ. ನೋಟ ಓರೆಯಾದಂತೆ ಪ್ರಮಾಣ ಏರುತ್ತದೆ, ಆದರೆ ಬಿದ್ದದ್ದೆಲ್ಲವೂ ಹಿಂದಿರುಗುವುದಿಲ್ಲ. ಆದ್ದರಿಂದ ನೀರಿನಲ್ಲಿ ಕಾಣುವ ಆಕಾಶ ಮೇಲಿನ ಆಕಾಶಕ್ಕಿಂತ ಗಾಢವಾಗಿಯೇ ಇರಬೇಕು. ಎಚ್‌ಡಿಆರ್‌ನಲ್ಲಿ ಆಕಾಶವನ್ನು ಇಳಿಸಿ, ನೆಲವನ್ನು ಎತ್ತಿ, ನೆಲದ ಜೊತೆಗೆ ನೀರನ್ನೂ ಎತ್ತಿಬಿಟ್ಟಾಗ ಪ್ರತಿಬಿಂಬವು ಬಿಂಬಕ್ಕಿಂತ ಬೆಳಗುತ್ತದೆ. ಸ್ಪರ್ಧೆಗಳ ತೀರ್ಪುಗಾರನಾಗಿ ಕುಳಿತಾಗ ನಾನು ಮೊದಲು ನೋಡುವುದು ಇದನ್ನೇ.

ಬೆಟ್ಟದ ಮೇಲಿನ ಕೆಲಸದಲ್ಲಿ ತಿದ್ದಿಕೊಳ್ಳಬೇಕಾದದ್ದು ಸ್ವಲ್ಪವೇ. ಐಎಸ್‌ಒ 100, ಅಪರ್ಚರ್ ಎಫ್/11, ವೈಟ್ ಬ್ಯಾಲೆನ್ಸ್ ಮತ್ತು ಫೋಕಸ್ ಸ್ಥಿರವಾಗಿರಲಿ, ಬದಲಾಗುವುದು ಶಟರ್ ಒಂದೇ. ನಡುವಿನದು 1/60 ಸೆಕೆಂಡ್ ಎಂದಿಟ್ಟುಕೊಂಡರೆ ಉಳಿದೆರಡು 1/250 ಮತ್ತು 1/15 ಆಗುತ್ತವೆ. ಸೂರ್ಯ ಚೌಕಟ್ಟಿನಲ್ಲಿದ್ದಾಗ ಇನ್ನೂ ಒಂದು, 1/1000ರಲ್ಲಿ, ತೆಗೆದಿಟ್ಟುಕೊಳ್ಳಿ. ಸೂರ್ಯನ ಸುತ್ತಲಿನ ಬಣ್ಣ ನಿಜವಾಗಿ ಉಳಿಯುವುದು ಆ ಫ್ರೇಮಿನಲ್ಲಿ. ಅತಿ ಕಡಿಮೆ ಬೆಳಕಿನ ಫ್ರೇಮಿನ ಹಿಸ್ಟೋಗ್ರಾಮ್ (ಎಡಕ್ಕೆ ಕಪ್ಪು, ಬಲಕ್ಕೆ ಬಿಳುಪು ಎಷ್ಟಿದೆಯೆಂದು ತೋರುವ ನಕ್ಷೆ) ಬಲಗೋಡೆಗೆ ತಾಗದಿರಲಿ, ಅತಿ ಹೆಚ್ಚಿನದರ ಹಿಸ್ಟೋಗ್ರಾಮ್ ಎಡಗೋಡೆಗೆ ತಾಗದಿರಲಿ, ಇಷ್ಟು ಸಾಕು. ಆಕಾಶಕ್ಕೆ ಗ್ರ್ಯಾಜುಯೇಟೆಡ್ ಫಿಲ್ಟರ್ (ಮೇಲರ್ಧ ಕಪ್ಪಾಗಿ, ಕೆಳಗೆ ತಿಳಿಯಾಗಿರುವ ಗಾಜು) ಹಾಕುವ ಹಳೆಯ ಕ್ರಮವನ್ನು ಕಡಲ ತೀರದಲ್ಲಿ ನಾನು ಈಗಲೂ ಇಷ್ಟಪಡುತ್ತೇನೆ, ಅಲ್ಲಿ ದಿಗಂತ ನೇರವಾಗಿರುತ್ತದೆ. ಹಂಪಿಯಲ್ಲಿ ಅದು ಹೊಂದುವುದಿಲ್ಲ, ದಿಗಂತವನ್ನು ದಾಟಿ ಮೇಲೆದ್ದ ಬಂಡೆಗಳ ತಲೆಯೆಲ್ಲ ಫಿಲ್ಟರಿನ ಕಪ್ಪಿಗೆ ಸಿಗುತ್ತದೆ.

ಗಾಳಿಯೇ ಎಚ್‌ಡಿಆರ್‌ನ ದೊಡ್ಡ ಶತ್ರು. ಸಕಲೇಶಪುರದ ಕಾಫಿ ತೋಟವೊಂದರಲ್ಲಿ ನಾನು ಹೀಗೊಂದು ಬೆಳಗನ್ನು ಕಳೆದುಕೊಂಡದ್ದು ಇನ್ನೂ ಮನಸ್ಸಿನಲ್ಲಿದೆ. ಆಕಾಶಕ್ಕೆ ಎದುರಾಗಿ ನಿಂತ ಸಿಲ್ವರ್ ಓಕ್ ಮರಗಳು, ಹಿಂದಿನಿಂದ ಬಿಸಿಲು. ಆ ಎಲೆಯ ಮೇಲ್ಬದಿ ಹಸಿರು, ಕೆಳಬದಿ ಬೆಳ್ಳಿ. ತೆಳುವಾದ ಗಾಳಿ ಬೀಸಿದರೂ ಎಲೆ ಮಗುಚಿಕೊಳ್ಳುತ್ತದೆ. ಒಂದು ಫ್ರೇಮಿನಲ್ಲಿ ಹಸಿರಾಗಿದ್ದ ಎಲೆ ಇನ್ನೊಂದರಲ್ಲಿ ಬೆಳ್ಳಿಯಾಗಿತ್ತು, ಸೇರಿಸಿದಾಗ ಮರದ ತುದಿಯೆಲ್ಲ ಬೂದಿಯ ಮುದ್ದೆಯಾಯಿತು. ಅಲುಗಿದ ಗುರುತನ್ನು ತೆಗೆಯುವ, ಸಾಫ್ಟ್‌ವೇರಿನ ಡಿಘೋಸ್ಟ್ ಆಯ್ಕೆ ಇಂಥಲ್ಲಿ ನೆರವಾಗುತ್ತದೆ, ಆದರೆ ಅದನ್ನು ‘ಹೈ’ಗೆ ಇಟ್ಟರೆ ಮರಕ್ಕೆ ಬೇಕಾದ ಭಾಗವನ್ನೆಲ್ಲ ಒಂದೇ ಫ್ರೇಮಿನಿಂದ ತೆಗೆದುಕೊಂಡು, ಅಲ್ಲಿ ಮಾತ್ರ ಕಾಳುಕಾಳಾದ ಕಲೆ ಉಳಿಸುತ್ತದೆ. ಅಂದಿನಿಂದ ನಾನು ಗಾಳಿಯಿದ್ದಾಗ ಎಲೆಗಳಿಗಾಗಿ ಒಂದೇ ಫ್ರೇಮನ್ನು ನಿಶ್ಚಯಿಸಿಕೊಂಡು, ಆಕಾಶವನ್ನು ಮಾತ್ರ ಇನ್ನೊಂದರಿಂದ ಕೈಯಾರೆ ತರುತ್ತೇನೆ. ನಿಮ್ಮ ಚಿತ್ರದಲ್ಲಿ ಬಂಡೆಗಳು ಅಲುಗುವುದಿಲ್ಲ. ಬಾಳೆ ಎಲೆಗಳು ಅಲುಗಿರಬಹುದು, ಆ ಭಾಗವನ್ನು ಹಿಗ್ಗಿಸಿ ಪರೀಕ್ಷಿಸಿ.

ಇನ್ನೊಂದು ಸಾಧ್ಯತೆಯನ್ನೂ ಯೋಚಿಸಿ. ಡಿಸೆಂಬರಿನಲ್ಲಿ ಸೂರ್ಯ ಆಗ್ನೇಯಕ್ಕೆ ಸರಿದು ಹುಟ್ಟುತ್ತಾನೆ. ಅದೇ ಹೊತ್ತಿಗೆ ಬೆಟ್ಟದ ಉತ್ತರದ ಬುಡದಲ್ಲಿರುವ ಅಚ್ಯುತರಾಯ ದೇವಾಲಯದ ಕಡೆಗೆ ತಿರುಗಿ ನಿಂತರೆ ಬೆಳಕು ನಿಮ್ಮ ಬಲಹಿಂಬದಿಯಿಂದ ಓರೆಯಾಗಿ ಬೀಳುತ್ತದೆ. ಆಗ ದೃಶ್ಯದ ವ್ಯಾಪ್ತಿ ಸೆನ್ಸರಿನ ಹಿಡಿತದೊಳಗೇ ಉಳಿಯುತ್ತದೆ, ಒಂದೇ ಎಕ್ಸ್‌ಪೋಶರ್ ಸಾಕು. ಮೂರು ಎಕ್ಸ್‌ಪೋಶರ್ ತೆಗೆಯುವುದಕ್ಕಿಂತ ಅರ್ಧ ಸುತ್ತು ತಿರುಗುವುದು ಮೇಲಾದ ಸಂದರ್ಭಗಳೂ ಇವೆ.

ಕೊನೆಗೆ ನಿಮ್ಮ 24 ಇಂಚಿನ ಪ್ರಿಂಟ್. ಪರದೆಯ ಬೆಳಕನ್ನು ಪೂರ್ತಿ ಏರಿಸಿಕೊಂಡು ಕೆಲಸ ಮಾಡಿದವರ ಪ್ರಿಂಟ್‌ಗಳು ಕಪ್ಪಾಗಿ ಬರುತ್ತವೆ. ಮಾನಿಟರನ್ನು ಚದರ ಮೀಟರಿಗೆ 100-120 ಕ್ಯಾಂಡೆಲಾ ಮಟ್ಟಕ್ಕೆ ಇಳಿಸಿ, ಅಳೆಯುವ ಸಾಧನವಿಲ್ಲದಿದ್ದರೆ ಪಕ್ಕದಲ್ಲಿ ಹಿಡಿದ ಬಿಳಿ ಕಾಗದದಷ್ಟೇ ಬೆಳಕಿರುವಂತೆ ಇಳಿಸಿ. ಚಿತ್ರ ಮುಗಿಯಿತು ಎನ್ನಿಸಿದ ಮೇಲೆ ಒಂದು ರಾತ್ರಿ ಬಿಟ್ಟು, ಮರುದಿನ ಅದನ್ನು ಅಂಚೆಚೀಟಿಯಷ್ಟು ಚಿಕ್ಕದು ಮಾಡಿ ನೋಡಿ. ಆ ಅಳತೆಯಲ್ಲಿ ವಿವರಗಳು ಕಾಣುವುದಿಲ್ಲ, ಬೆಳಕು ಎಲ್ಲಿಂದ ಬರುತ್ತಿದೆ ಎಂಬುದಷ್ಟೇ ಕಾಣುತ್ತದೆ. ಅದು ಒಂದೇ ನೋಟಕ್ಕೆ ತಿಳಿಯದಿದ್ದರೆ ನೆರಳನ್ನು ಇನ್ನೂ ಅರ್ಧ ಸ್ಟಾಪ್ ಇಳಿಸಿ. ನಂತರ ಬಂಡೆಯ ಅಂಚು, ಸಂದಿನ ಕಪ್ಪು ಮತ್ತು ಆಕಾಶ ಮೂರೂ ಬರುವಂಥ ಒಂದು ತುಂಡನ್ನು ಪೂರ್ಣ ಅಳತೆಯಲ್ಲಿಯೇ ಕತ್ತರಿಸಿ, 6×4 ಇಂಚಿನ ಕಾಗದದಲ್ಲಿ ಮೊದಲು ಅದನ್ನಷ್ಟೇ ಪ್ರಿಂಟ್ ಹಾಕಿಸಿ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಅದನ್ನು ನೋಡಿ ತೀರ್ಮಾನಿಸಬೇಡಿ. ಮನೆಗೆ ತಂದು, ದೊಡ್ಡ ಪ್ರಿಂಟ್ ತೂಗುಹಾಕಬೇಕೆಂದಿರುವ ಗೋಡೆಗೇ ಅಂಟಿಸಿ, ಹಗಲಿನಲ್ಲೊಮ್ಮೆ, ರಾತ್ರಿ ದೀಪ ಹಾಕಿದಾಗೊಮ್ಮೆ ನೋಡಿ. ಬಂಡೆಯ ಮೈ ರಾತ್ರಿಯ ದೀಪದಲ್ಲಿಯೂ ತಿಳಿಯುವಂತಿದ್ದರೆ ಅದೇ ಫೈಲನ್ನು ಪ್ರಿಂಟಿಗೆ ಕೊಡಿ. ಮುಳುಗಿಹೋಗಿದ್ದರೆ ನಡುಮಟ್ಟದ ಬೆಳಕನ್ನು ಮಾತ್ರ ಮೂರನೇ ಒಂದು ಸ್ಟಾಪ್ ಏರಿಸಿ, ಇನ್ನೊಂದು ತುಂಡು ಹಾಕಿಸಿ ನೋಡಿ.